ನೀರು ಕುಡಿಯದ ಬ್ರಷ್ಷು: ಅಗ್ಗದ ಸಿಂಥೆಟಿಕ್ ಎಳೆಗಳಲ್ಲಿ ನೊರೆ ಕಟ್ಟಿದ ನನ್ನ ಅನುಭವ

ಐನೂರು ರೂಪಾಯಿಯೊಳಗಿನ ಸಿಂಥೆಟಿಕ್, ಅಂದರೆ ಪ್ಲಾಸ್ಟಿಕ್ ಎಳೆಯ, ಶೇವಿಂಗ್ ಬ್ರಷ್ಷಿನಿಂದ, ಅದೂ ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ, ಕೊನೆಯ ಬಾರಿ ರೇಜರ್ ಆಡಿಸುವವರೆಗೂ ಇಳಿಯದ ನೊರೆ ಬರುತ್ತದೆ ಎಂದು ನಾನು ಹೇಳಿದಾಗ ಜೊತೆಯಲ್ಲಿ ಕೆಲಸ ಮಾಡುವ ಇಬ್ಬರು ನಕ್ಕಿದ್ದರು. ಇಬ್ಬರೂ ಬ್ಯಾಜರ್ ಎಂಬ ಪ್ರಾಣಿಯ ಕೂದಲಿನ ದುಬಾರಿ ಬ್ರಷ್ಷು ಇಟ್ಟುಕೊಂಡವರು, ಅದಕ್ಕೆ ಸ್ಟ್ಯಾಂಡು ಬೇರೆ. ಹೋದ ತಿಂಗಳು ಅವರಲ್ಲಿ ಒಬ್ಬರು ಊಟದ ಡಬ್ಬಿ ಮುಚ್ಚುತ್ತ, ಪಕ್ಕದವರಿಗೆ ಕೇಳಿಸದ ಹಾಗೆ, "ಆ ಬ್ರಷ್ಷು ಎಲ್ಲಿ ತಗೊಂಡ್ರಿ?" ಎಂದು ವಿಚಾರಿಸಿದರು. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ. ಎರಡು ಬದಿಯ ಬ್ಲೇಡಿನ ರೇಜರ್ ಹಿಡಿಯುವ ಕೋನ, ಗಡ್ಡದ ಕೂದಲು ಯಾವ ದಿಕ್ಕಿಗೆ ಬೆಳೆದಿದೆ ಎಂದು ನೋಡುವುದು, ಪಟಿಕದ ಉಪಯೋಗ ಇವೆಲ್ಲ ಓದುವವರಿಗೆ ಗೊತ್ತಿರುವುದರಿಂದ ಅವುಗಳ ಗೋಜಿಗೆ ಹೋಗುವುದಿಲ್ಲ.

ಕ್ಷೌರದಂಗಡಿಗಳು ಮುಚ್ಚಿದ್ದ 2020ರ ಲಾಕ್‌ಡೌನಿನಲ್ಲಿ ನಾನು ಸಾಗರದ ಹತ್ತಿರದ ನಮ್ಮ ಮನೆಗೆ ಹೋಗಿದ್ದೆ. ಹೋಗುವಾಗ ಸುಮಾರು 700 ರೂಪಾಯಿ ಕೊಟ್ಟು ತರಿಸಿದ್ದ ಇಟಲಿಯ ಬ್ರಷ್ಷೊಂದು ಚೀಲದಲ್ಲಿತ್ತು. ಅದು ಹಂದಿಯ ಕೂದಲಿನದು ಎಂದು ಬಾಯಿ ತಪ್ಪಿ ಅಮ್ಮನ ಎದುರು ಹೇಳಿದ್ದೇ ಮೊದಲ ತಪ್ಪಾಯಿತು. "ಅದನ್ನ ಬಚ್ಚಲಲ್ಲಿ ಇಡೋದಾದ್ರೆ ಇನ್ಮೇಲೆ ಬಚ್ಚಲು ನೀನೇ ತೊಳ್ಕೋ" ಎಂದರು. ಬ್ರಷ್ಷು ಕೊಟ್ಟಿಗೆಯ ಕಿಟಕಿಗೆ ಹೋಯಿತು. ಜುಲೈ ಹೊತ್ತಿಗೆ ಮಲೆನಾಡಿನ ಮಳೆ ಹಿಡಿದು, ಎರಡು ದಿನವಾದರೂ ಅದರ ಬುಡ ಒಣಗದೆ, ನಡುವಿನ ಕೂದಲಿನ ಮೇಲೆ ಬೂದು ಬಣ್ಣದ ಬೂಷ್ಟು ಬಂತು. ಅಲ್ಲಿಗೆ 700 ರೂಪಾಯಿ ಹೋಯಿತು. ಬ್ಯಾಜರ್ ಕೂದಲಿನದು ಮೂರು ಸಾವಿರದ ಸುತ್ತಮುತ್ತ ಇತ್ತು, ಅದೂ ಪ್ರಾಣಿಯ ಕೂದಲೇ. ಮಳೆಗೂ ಅಮ್ಮನಿಗೂ ಒಪ್ಪುವಂಥದ್ದು ಸಿಂಥೆಟಿಕ್ ಮಾತ್ರ ಎಂದು ನಾನು ಆ ಕಡೆ ತಿರುಗಿದೆ.

ಬೆಂಗಳೂರಿಗೆ ಮರಳಿದ ಮೇಲೆ ಮೊದಲು ಕೊಂಡದ್ದು ಫ್ಯಾನ್ಸಿ ಸ್ಟೋರಿನಲ್ಲಿ ತೂಗು ಹಾಕಿರುವ, ಪ್ಲಾಸ್ಟಿಕ್ ಹಿಡಿಯ, ನಲವತ್ತು ಐವತ್ತು ರೂಪಾಯಿಯ ಬ್ರಷ್ಷುಗಳನ್ನು. ಒಂದಲ್ಲ, ಮೂರು. ಮೊದಲನೆಯದರ ಎಳೆಗಳು ಕಸಬರಿಗೆಯಷ್ಟು ದಪ್ಪ. ಮುಖಕ್ಕೆ ಹಚ್ಚಿದರೆ ನೊರೆಗಿಂತ ಮೊದಲು ಕೆನ್ನೆ ಕೆಂಪಾಗುತ್ತಿತ್ತು. ಎರಡನೆಯದು ದಿನಕ್ಕೆ ಐದಾರು ಎಳೆ ಉದುರಿಸುತ್ತ ಒಂದು ತಿಂಗಳಲ್ಲಿ ಬೋಳಾಯಿತು. ಮೂರನೆಯದು ಪರವಾಗಿಲ್ಲ ಎನ್ನುವಷ್ಟರಲ್ಲಿ ಒಂದು ಬೆಳಿಗ್ಗೆ ಎಳೆಗಳ ಕಟ್ಟು ಬುಡಸಮೇತ ಹಿಡಿಯಿಂದ ಕಳಚಿ ನನ್ನ ಗದ್ದಕ್ಕೆ ಅಂಟಿಕೊಂಡಿತು. ಕ್ಷಣದಲ್ಲಿ ಹಿಡಿಯುವ ಅಂಟಿನಿಂದ ಕೂರಿಸಿದೆ. ಹತ್ತು ದಿನ ಬಿಸಿನೀರು ತಾಗಿದ ಮೇಲೆ ಮತ್ತೆ ಕಳಚಿತು. ಆಮೇಲೆ ಎರಡು ಟ್ಯೂಬು ಬೆರೆಸುವ ಅರಲ್ಡೈಟ್ ಹಾಕಿ, ಒಂದು ಇಡೀ ದಿನ ತಲೆಕೆಳಗಾಗಿ ನಿಲ್ಲಿಸಿಟ್ಟೆ. ಅದು ಇವತ್ತಿಗೂ ಬಿಟ್ಟಿಲ್ಲ. ಈಗ ಆ ಬ್ರಷ್ಷಿನಲ್ಲಿ ಸೈಕಲ್ ಚೈನು ಉಜ್ಜುತ್ತೇನೆ.

ಇಷ್ಟಾದ ಮೇಲೆ 2021ರ ಕೊನೆಯಲ್ಲಿ, ಚೀನಾದಲ್ಲಿ ತಯಾರಾದ, ಕಟ್ಟಿನ ಬುಡ 24 ಮಿಲಿಮೀಟರ್ ಅಗಲವಿರುವ, ಎಳೆಗಳು ಹಿಡಿಯಿಂದ ಸುಮಾರು 50 ಮಿಲಿಮೀಟರ್ ಮೇಲೆದ್ದಿರುವ ಬ್ರಷ್ಷನ್ನು 480 ರೂಪಾಯಿಗೋ ಏನೋ ಕೊಂಡೆ. ಅದರ ಎಳೆ ನಿಜಕ್ಕೂ ನಯ. ತುದಿಗಳು ಸಣ್ಣಗೆ ಚೂಪಾಗಿ ಬಂದಿರುವುದರಿಂದ ಹತ್ತಿಯ ಹಾಗೆ ತಾಗುತ್ತವೆ. ಆದರೂ ನೊರೆ ಬರಲಿಲ್ಲ. ಕ್ರೀಮು ಬುಡಕ್ಕೆ ಇಳಿದು ಅಲ್ಲೇ ಕೂರುತ್ತಿತ್ತು, ಒತ್ತಿದರೆ ನೀರೆಲ್ಲ ಒಮ್ಮೆಗೇ ಮೊಣಕೈವರೆಗೆ ಹರಿಯುತ್ತಿತ್ತು, ತಿರುಗಿಸಿದರೆ ಎಳೆಗಳು ಸ್ಪ್ರಿಂಗಿನ ಹಾಗೆ ಚಿಮ್ಮಿ ಕನ್ನಡಿಯ ಮೇಲೆ ಬಿಳಿ ಚುಕ್ಕೆಗಳ ರಂಗೋಲಿ ಬೀಳುತ್ತಿತ್ತು. ಮುಖದ ಮೇಲೆ ಉಳಿಯುತ್ತಿದ್ದುದು ಮಜ್ಜಿಗೆಯ ಮೇಲಿನ ಗುಳ್ಳೆಗಳಂಥ ನೊರೆ. ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಇನ್ನೊಂದು ಕೆನ್ನೆಯದು ಒಣಗಿರುತ್ತಿತ್ತು. ಕ್ರೀಮಿನದೇ ದೋಷವಿರಬಹುದೆಂದು ನಾಲ್ಕು ಬಗೆಯ ಕ್ರೀಮು ಬದಲಿಸಿದೆ, ಕೊನೆಗೆ ಸುಮಾರು 900 ರೂಪಾಯಿಯ ಹೊರದೇಶದ ಸೋಪನ್ನೂ ತರಿಸಿದೆ. ಅದೂ ಮಜ್ಜಿಗೆಯೇ ಆಯಿತು. ಅಂಟು, ಬ್ರಷ್ಷು, ಕ್ರೀಮು, ಸೋಪು ಎಲ್ಲ ಸೇರಿ ಅಷ್ಟು ಹೊತ್ತಿಗೆ ಮೂರು ಸಾವಿರ ದಾಟಿತ್ತು. ಆ ಹಣಕ್ಕೆ ಒಂದು ಬ್ಯಾಜರ್ ಬರುತ್ತಿತ್ತು ಎಂದು ಸಹೋದ್ಯೋಗಿಗಳು ಲೆಕ್ಕ ಮಾಡಿ ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು.

ಗುಟ್ಟು ಬಿಟ್ಟುಕೊಟ್ಟದ್ದು ಊರಿನ ಬಾವಿ. ದೀಪಾವಳಿಗೆ ಹೋದವನು ಹಂಡೆಯಿಂದ ಒಂದು ಚೊಂಬು ಬಿಸಿನೀರು ತೆಗೆದುಕೊಂಡು ಅದೇ ಬ್ರಷ್ಷು, ಅದೇ ಕ್ರೀಮಿನಲ್ಲಿ ಕೂತರೆ, ಅರ್ಧ ನಿಮಿಷದಲ್ಲಿ ಬಟ್ಟಲಿನ ತುಂಬ ನೊರೆ. ದೊಡ್ಡ ಗುಳ್ಳೆಗಳ ನೊರೆಯೇ ಆದರೂ ನೊರೆಯಂತೂ ಹೌದು. ಬೆಂಗಳೂರಿನಲ್ಲಿ ನಮ್ಮ ಬಡಾವಣೆಗೆ ಕಾವೇರಿ ನೀರು ಇನ್ನೂ ಬಂದಿಲ್ಲ. ಬೋರ್‌ವೆಲ್ ನೀರಿಗೆ ನಲ್ಲಿಯ ಬಾಯಿಯೇ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಮರಳಿ ಬಂದು ನೀರು ಅಳೆಯುವ 300 ರೂಪಾಯಿಯ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ 800ರ ಆಸುಪಾಸು ತೋರಿಸಿತು. ಆ ಅಂಕಿ ನೀರಿನಲ್ಲಿ ಕರಗಿರುವ ಎಲ್ಲದರ ಅಳತೆಯೇ ಹೊರತು ಗಡಸುತನ ಒಂದರದೇ ಅಲ್ಲ ಎಂಬುದು ನನಗೂ ತಿಳಿದಿದೆ, ಆದರೆ ಬಕೆಟ್ಟಿನ ಅಂಚಿನ ಬಿಳಿ ಗೆರೆ ನೋಡಿದ ಮೇಲೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಹಾಕಿದ ಕ್ರೀಮಿನ ಒಂದಷ್ಟು ಭಾಗ ನೀರಿನ ಗಡಸುತನಕ್ಕೆ ಕಾರಣವಾದ ಸುಣ್ಣದೊಡನೆ ಸೇರಿ ಜಿಡ್ಡಾಗಿ ಹೋಗುತ್ತಿತ್ತು.

ಅಡುಗೆಮನೆಯ ಆರ್‌ಒ ನೀರು ತಂದು ನೋಡಿದೆ, ತಕ್ಷಣ ವ್ಯತ್ಯಾಸ ಕಂಡಿತು. ಆದರೆ ದಿನವೂ ಕುಡಿಯುವ ನೀರನ್ನು ಗಡ್ಡಕ್ಕೆ ಸುರಿಯುವುದನ್ನು ಮನೆಯಲ್ಲಿ ಯಾರೂ ಮೆಚ್ಚಲಿಲ್ಲ. ಆಗ ನೀರಿನ ಸುಣ್ಣದ ಕಾಟ ತಗ್ಗಿಸಲೆಂದು ಕಿರಾಣಿ ಅಂಗಡಿಯಿಂದ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಹತ್ತು ರೂಪಾಯಿಯ ಪೊಟ್ಟಣ ತಂದೆ. ಸ್ವಲ್ಪ ಹಾಕಿದರೆ ಒಳ್ಳೆಯದಾದರೆ ಹೆಚ್ಚು ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಒಂದು ಮಗ್ಗಿಗೆ ಅರ್ಧ ಚಮಚ ಹಾಕಿದ ದಿನ ನೊರೆ ಒಡೆದ ಹಾಲಿನ ಹಾಗೆ ತರಿತರಿಯಾಯಿತು, ಬ್ಲೇಡು ತಾಗಿದಲ್ಲೆಲ್ಲ ಉರಿಯಿತು. ಹುಳಿ ಹೆಚ್ಚಾದರೆ ಸೋಪೇ ಒಡೆಯುತ್ತದೆ. ಎಷ್ಟೋ ದಿನ ಹೆಚ್ಚುಕಡಿಮೆ ಮಾಡಿ ನೋಡಿದ ಮೇಲೆ, ಒಂದು ಮಗ್ಗು ನೀರಿಗೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿಸುವ ಒಂದು ಸಣ್ಣ ಚಿಟಿಕೆ ಸಾಕು ಎಂಬಲ್ಲಿಗೆ ನಿಂತಿದ್ದೇನೆ. ನಿಮ್ಮ ಬೋರ್‌ವೆಲ್ಲಿಗೆ ಇದು ಬೇರೆಯಾಗಬಹುದು, ಕಡಿಮೆಯಿಂದ ಆರಂಭಿಸಿ.

ನೀರು ಸರಿಹೋದ ಮೇಲೂ ನೊರೆ ಬಂತೇ ವಿನಾ ಗಟ್ಟಿಯಾಗಲಿಲ್ಲ. ಅದನ್ನು ಕಲಿಸಿದವರು ಊರಿನ ಪೇಟೆಯಲ್ಲಿ ನಲವತ್ತು ವರ್ಷದಿಂದ ಅಂಗಡಿ ನಡೆಸುತ್ತಿರುವ ಒಬ್ಬ ಕ್ಷೌರಿಕರು. ಅವರ ಕೈಯಲ್ಲಿದ್ದುದು ನಾನು ಬಿಸಾಡಿದಂಥದ್ದೇ ಅಗ್ಗದ ನೈಲಾನ್ ಬ್ರಷ್ಷು, ಆದರೆ ನನ್ನ ಮುಖದ ಮೇಲೆ ಬಂದದ್ದು ಬೆಣ್ಣೆಯಂಥ ನೊರೆ. ಹೇಗೆ ಎಂದು ಕೇಳಿದ್ದಕ್ಕೆ ಅವರು, "ಇದಕ್ಕೆ ನೀರು ಕುಡಿಸ್ಬೇಡಿ, ತೋರಿಸಿದ್ರೆ ಸಾಕು" ಎಂದರು. ನಾನು ಅಲ್ಲಿಯವರೆಗೂ ಹಂದಿ ಕೂದಲಿನ ಬ್ರಷ್ಷಿಗೆ ಮಾಡುವಂತೆ ಇದನ್ನೂ ಐದು ನಿಮಿಷ ಬಿಸಿನೀರಿನಲ್ಲಿ ನೆನೆಸಿಡುತ್ತಿದ್ದೆ. ಕೂದಲು ನೀರನ್ನು ಹೀರಿ ಮೆತ್ತಗಾಗುತ್ತದೆ, ಹೀರಿದ್ದನ್ನು ನಿಧಾನವಾಗಿ ಬಿಡುತ್ತದೆ. ಪ್ಲಾಸ್ಟಿಕ್ ಎಳೆ ಹೆಚ್ಚುಕಡಿಮೆ ಏನನ್ನೂ ಹೀರುವುದಿಲ್ಲ. ನೀರು ಎಳೆಗಳ ಸಂದಿಯಲ್ಲಿ ನಿಂತಿರುತ್ತದೆ, ಒತ್ತಿದ ಕೂಡಲೇ ಅಷ್ಟೂ ಹೊರಬರುತ್ತದೆ. ನೆನೆಸಿ ಇಡೀ ಎರಡು ವರ್ಷ ನಾನು ಮಾಡಿದ್ದು ಕ್ರೀಮನ್ನು ತೊಳೆಯುವ ಕೆಲಸ.

ಈಗ ಮಾಡುವ ಕ್ರಮ ಹೀಗಿದೆ. ಮುಖ ಮಾತ್ರ ಚೆನ್ನಾಗಿ ಒದ್ದೆಯಾಗಿರಬೇಕು. ಬ್ರಷ್ಷನ್ನು ಒಮ್ಮೆ ನೀರಿಗೆ ಅದ್ದಿ, ಹಿಂಡಿ, ಮೂರು ಸಲ ಜೋರಾಗಿ ಒದರುತ್ತೇನೆ. ತೊಟ್ಟಿಕ್ಕಬಾರದು, ತೇವವಿದ್ದರೆ ಸಾಕು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಕ್ರೀಮು ತೆಗೆದು, ಬ್ರಷ್ಷಿನ ನಡುವೆ ಇಡದೆ, ಬೆರಳಿನಿಂದ ಎರಡೂ ಕೆನ್ನೆಗೂ ಗದ್ದಕ್ಕೂ ಚುಕ್ಕೆ ಇಟ್ಟು ಹರಡುತ್ತೇನೆ, ಏಕೆಂದರೆ ನಡುವೆ ಇಟ್ಟದ್ದು ಬುಡಕ್ಕೆ ಇಳಿದರೆ ಆ ದಿನ ಅದು ಹೊರಗೆ ಬಾರದು. ಆಮೇಲೆ ತುದಿಗಳಿಂದ ಮಾತ್ರ, ಹೆಚ್ಚು ಒತ್ತದೆ, ಸಣ್ಣ ಸುತ್ತುಗಳಲ್ಲಿ ಉಜ್ಜುತ್ತ ಹೋದರೆ ಅರ್ಧ ನಿಮಿಷದಲ್ಲಿ ಮುಖದ ಮೇಲೆ ಅಂಟಂಟಾದ ಬಿಳಿ ಲೇಪ ಕೂರುತ್ತದೆ. ಇದನ್ನು ನೊರೆ ಎಂದು ತಿಳಿದು ಇಲ್ಲೇ ನಿಲ್ಲಿಸುವವರು ಬಹಳ. ಈ ಹಂತದಲ್ಲಿ ಬ್ರಷ್ಷಿನ ತುದಿಯನ್ನು ನೀರಿಗೆ ತಾಗಿಸಿ, ಅಂದರೆ ಆ ಕ್ಷೌರಿಕರ ಮಾತಿನಲ್ಲಿ 'ತೋರಿಸಿ', ಮತ್ತೆ ಉಜ್ಜಬೇಕು. ಹೀಗೆ ಆರೇಳು ಸಲ. ನಾಲ್ಕನೆಯ ಸಲಕ್ಕೆ ಗುಳ್ಳೆಗಳು ಮಾಯವಾಗಿ ಮೊಸರಿನ ಹೊಳಪು ಬರುತ್ತದೆ, ಆರನೆಯದಕ್ಕೆ ಬೆರಳಿಟ್ಟರೆ ಜಾರುತ್ತದೆ. ಎಲ್ಲ ಸೇರಿ ನೊರೆಯ ಹೊಟ್ಟೆಗೆ ಹೋದ ನೀರು ಎರಡು ಚಮಚ ಮೀರುವುದಿಲ್ಲ, ಸಮಯ ಒಂದೂವರೆ ನಿಮಿಷ. ಕೊನೆಯಲ್ಲಿ ಸುತ್ತುವುದನ್ನು ಬಿಟ್ಟು ಗೋಡೆಗೆ ಸುಣ್ಣ ಬಳಿಯುವ ಹಾಗೆ ಮೇಲೆ ಕೆಳಗೆ ಎಳೆದು ಸಮ ಮಾಡುತ್ತೇನೆ. ಸಿಂಥೆಟಿಕ್ ಬ್ರಷ್ಷಿನಲ್ಲಿ ಚಿಮ್ಮುವಿಕೆ ಕಡಿಮೆಯಾಗುವುದು ಈ ಎಳೆತದಿಂದಲೇ.

ಇದರ ಜೊತೆಗೆ ಮೊದಲ ಲೇಪದ ಹೊತ್ತಿಗೆ ಅಡುಗೆಮನೆಯ ಒಂದು ವಸ್ತುವಿನ ಎರಡು ಹನಿ ಸೇರಿಸುತ್ತೇನೆ. ಅದು ತೆಂಗಿನೆಣ್ಣೆಯಲ್ಲ, ತೆಂಗಿನೆಣ್ಣೆ ನೊರೆಯನ್ನು ಕೊಲ್ಲುತ್ತದೆ, ನಾನು ಮಾಡಿ ನೋಡಿದ್ದೇನೆ. ಯಾವುದು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಿಲ್ಲದೆಯೂ ಮೇಲಿನ ಕ್ರಮ ನಡೆಯುತ್ತದೆ.

ಕ್ರೀಮನ್ನೇ ಬಿಡೋಣವೆಂದು ಅಂಟುವಾಳವನ್ನೂ ಪ್ರಯತ್ನಿಸಿದ್ದುಂಟು. ರಾತ್ರಿ ನೆನೆಸಿಟ್ಟ ಕಾಯಿಯ ರಸವನ್ನು ಬ್ರಷ್ಷಿನಿಂದ ಕಡೆದರೆ ನೊರೆ ಪರ್ವತದಷ್ಟು ಏಳುತ್ತದೆ, ಆದರೆ ಅದರಲ್ಲಿ ಜಾರಿಕೆ ಇಲ್ಲ, ಬ್ಲೇಡು ಚರ್ಮವನ್ನೇ ಹಿಡಿದುಕೊಳ್ಳುತ್ತದೆ. ಸ್ವಲ್ಪ ರಸ ಕಣ್ಣಿಗೂ ಹೋಗಿ ಆ ಭಾನುವಾರ ಪೂರ್ತಿ ಕೆಂಗಣ್ಣನಾಗಿ ಕೂತಿದ್ದೆ. ಲೋಳೆಸರದ ತಿರುಳು ಜಾರಿಕೆ ಕೊಡುತ್ತದೆ, ನೊರೆ ಕೊಡುವುದಿಲ್ಲ. ಇವೆರಡನ್ನೂ ಬೆರೆಸಿದರೆ ಏನಾಗುತ್ತದೆ ಎಂದು ಕೇಳಬೇಡಿ. ಬಚ್ಚಲ ಮೋರಿ ಕಟ್ಟಿಕೊಂಡಿತು.

ಇನ್ನೊಂದು ಖರ್ಚು ಶುದ್ಧ ಶೋಕಿಯದು. ಹಿಡಿ ಪ್ಲಾಸ್ಟಿಕ್ಕಿನದಲ್ಲದೆ ಮರದ್ದಾದರೆ ಚೆನ್ನ ಎನ್ನಿಸಿ, ಮೈಸೂರಿಗೆ ಹೋಗುವ ದಾರಿಯಲ್ಲಿ ಚನ್ನಪಟ್ಟಣದಲ್ಲಿಳಿದು ಗೊಂಬೆ ಮಾಡುವ ಒಬ್ಬ ಕುಶಲಕರ್ಮಿಗೆ ಹಳೆಯ ಹಿಡಿ ತೋರಿಸಿದೆ. ಅವರು ಹಾಲೆಮರದ ತುಂಡನ್ನು ಲೇತಿಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ, ಹಳದಿಯ ಮೇಲೆ ಕೆಂಪು ಪಟ್ಟೆಯ ಹಿಡಿಯನ್ನು ಇಪ್ಪತ್ತೇ ನಿಮಿಷದಲ್ಲಿ ಕೈಗಿಟ್ಟರು. 350 ರೂಪಾಯಿ ಕೊಟ್ಟ ನೆನಪು. ಬಿಸಿನೀರು ತಾಗಿಸಬೇಡಿ, ಅರಗು ಮೆತ್ತಗಾಗುತ್ತದೆ ಎಂದು ಅವರು ಎರಡು ಸಲ ಹೇಳಿದ್ದರು. ಲೇತಿನ ಬಿಸಿಗೆ ಕರಗಿ ಮರಕ್ಕೆ ಹತ್ತಿದ್ದು ಮಗ್ಗಿನ ಬಿಸಿಗೆ ಸುಮ್ಮನಿರುತ್ತದೆಯೇ ಎಂದು ನಾನಾದರೂ ಯೋಚಿಸಬೇಕಿತ್ತು. ಒಂದು ವಾರದಲ್ಲಿ ಬಣ್ಣ ಮಂಕಾಯಿತು, ತಿಂಗಳಲ್ಲಿ ಬುಡದ ರಂಧ್ರದ ಸುತ್ತ ಮರ ಉಬ್ಬಿ ಸೀಳಿತು. ಈಗ ಆ ಹಿಡಿ ಮಗಳ ಬುಗುರಿಗಳ ಜೊತೆ ಇದೆ, ಅಲ್ಲಿ ಅದಕ್ಕೆ ಹೆಚ್ಚು ಮರ್ಯಾದೆ.

ಬ್ರಷ್ಷಿನ ಆರೈಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಡಸು ನೀರಿನವರು ತಿಂಗಳಿಗೊಮ್ಮೆ ಒಂದು ಲೋಟ ನೀರಿಗೆ ಎರಡು ಚಮಚ ವಿನಿಗರ್ ಹಾಕಿ ಹತ್ತು ನಿಮಿಷ ಎಳೆಗಳನ್ನು ಅದರಲ್ಲಿಟ್ಟು ತೊಳೆದರೆ ಬುಡದ ಬಿಳಿ ಜಿಡ್ಡು ಬಿಡುತ್ತದೆ. ಕುದಿಯುವ ನೀರು ಎಂದೂ ಬೇಡ, ಅಂಟೂ ಸಡಿಲವಾಗುತ್ತದೆ, ಎಳೆಯ ತುದಿಯೂ ಸುರುಳುತ್ತದೆ. ಒದರಿ ಟವೆಲ್ಲಿಗೆ ಎರಡು ಸಲ ಒರೆಸಿದರೆ ಆಷಾಢದಲ್ಲೂ ಸಂಜೆಯೊಳಗೆ ಒಣಗುತ್ತದೆ. ಆ 480ರ ಬ್ರಷ್ಷು ಇಲ್ಲಿಯವರೆಗೆ ಉದುರಿಸಿದ್ದು ಮೂರೋ ನಾಲ್ಕೋ ಎಳೆ. ಹಿಂದೆ ಒಂದೂವರೆ ತಿಂಗಳಿಗೆ ಮುಗಿಯುತ್ತಿದ್ದ 70 ಗ್ರಾಮಿನ ಕ್ರೀಮು ಈಗ ನಾಲ್ಕು ತಿಂಗಳು ಬರುತ್ತದೆ. ಮೂರು ಸಾವಿರದ ನಷ್ಟ ಈ ದಾರಿಯಲ್ಲಿ ಎಂದು ತುಂಬುತ್ತದೋ ಗೊತ್ತಿಲ್ಲ, ಆದರೆ ತುಂಬುತ್ತಿದೆ. ಕಳೆದ ದೀಪಾವಳಿಯಲ್ಲಿ ಅಮ್ಮ ಬಚ್ಚಲ ಗೂಡಿನಲ್ಲಿ ಅದಕ್ಕೆ ತಾವೇ ಜಾಗ ಮಾಡಿಕೊಟ್ಟರು.

ಡಬ್ಬಿ ಮುಚ್ಚುತ್ತ ಕೇಳಿದ ಸಹೋದ್ಯೋಗಿ ಹೋದ ವಾರ ಅಂಥದ್ದೇ ಬ್ರಷ್ಷು ತರಿಸಿದರು. ಮರುದಿನ ಬೆಳಿಗ್ಗೆ ಏಳೂವರೆಗೇ ಫೋನು ಮಾಡಿ, ನೊರೆ ನೀರಾಗಿ ಇಳಿಯುತ್ತಿದೆ, ಕನ್ನಡಿಯೆಲ್ಲ ಬೆಳ್ಳಗಾಗಿದೆ ಎಂದರು. ಎಷ್ಟು ಹೊತ್ತು ನೆನೆಸಿದಿರಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಐದು ನಿಮಿಷ ಅಷ್ಟೇ" ಎಂದರು.