ಪಿಕಪ್ ಅದೇ ಇರಲಿ, ಮ್ಯಾಗ್ನೆಟ್ ಬದಲಿಸಿ

ಎಲೆಕ್ಟ್ರಿಕ್ ಗಿಟಾರ್‌ನ ಸದ್ದು ಕಿವಿಗೆ ಚುಚ್ಚುತ್ತದೆ ಎಂದು ದುಬಾರಿ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗ) ತರಿಸುವವರೇ ಹೆಚ್ಚು. ಎರಡು ಸುರುಳಿಯ ಪಿಕಪ್, ಅಂದರೆ ಹಂಬಕರ್ ಆದರೆ ಅಷ್ಟು ಖರ್ಚು ಬೇಡ. ಎರಡು ಸುರುಳಿಗಳ ಕೆಳಗೆ ಮಲಗಿರುವ ಮ್ಯಾಗ್ನೆಟ್ ಪಟ್ಟಿಯೊಂದನ್ನು ಬದಲಿಸಿದರೂ ಸದ್ದಿನ ಗುಣ ಬದಲಾಗುತ್ತದೆ. ಕೆಲಸ ಸಣ್ಣದು, ಆದರೆ ಪಟ್ಟಿಯನ್ನು ತಿರುಗುಮುರುಗಾಗಿ ಕೂರಿಸಿ ‘ಮೊದಲೇ ಚೆನ್ನಾಗಿತ್ತು’ ಎನ್ನುವವರಿಗೇನೂ ಕಡಿಮೆಯಿಲ್ಲ.

ಅಗ್ಗದ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸೆರಾಮಿಕ್ ಮ್ಯಾಗ್ನೆಟ್: ಬಲ ಹೆಚ್ಚು, ಸದ್ದು ಜೋರು, ಮೇಲಿನ ಸ್ವರ ಮೊನಚು. ಭಾರೀ ಡಿಸ್ಟಾರ್ಷನ್‌ನಲ್ಲಿ ಮೆಟಲ್ ಸಂಗೀತ ನುಡಿಸುವವರಿಗೆ ಅದೇ ಸರಿ, ಬಿಚ್ಚಲು ಹೋಗಬೇಡಿ. ಆಲ್ನಿಕೊ ಎಂದರೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಕಬ್ಬಿಣ; ಅದರ ದರ್ಜೆಗಳಿಗೆ ಅಂಕಿಯೇ ಹೆಸರು. ಆಲ್ನಿಕೊ 5ರಲ್ಲಿ ಕೆಳಸ್ವರ ಬಿಗಿ, ಮೇಲೆ ಹೊಳಪು. 2 ಮೃದು, ಮೀಟಿದ ಏಟು ಹದವಾಗಿ ಕೇಳುತ್ತದೆ. 3ರಲ್ಲಿ ಕೋಬಾಲ್ಟೇ ಇಲ್ಲ, ಬಲವೂ ಕಡಿಮೆ. 8ರ ಜೋರು ಸೆರಾಮಿಕ್‌ಗೆ ಹತ್ತಿರ. ಬ್ರಿಡ್ಜ್ (ತಂತಿ ಕಟ್ಟುವ ಬುಡದ) ಪಿಕಪ್‌ಗೆ 5, ನೆಕ್ (ಗಿಟಾರ್ ಕತ್ತಿನ) ಕಡೆಯದಕ್ಕೆ 2 ತನ್ನಿ. ಉಳಿದ ಪ್ರಯೋಗ ಆಮೇಲೆ. ಗಿಬ್ಸನ್‌ನ 1950ರ ದಶಕದ ಹೆಸರುವಾಸಿ ಹಂಬಕರ್‌ಗಳಲ್ಲೇ ಬೇರೆ ಬೇರೆ ದರ್ಜೆಯ ಆಲ್ನಿಕೊ ಸಿಗುತ್ತವೆ. ಹಾಗಾಗಿ ‘ವಿಂಟೇಜ್ ಮ್ಯಾಗ್ನೆಟ್’ ಎಂಬ ಚೀಟಿಗೆ ಹೆಚ್ಚಿನ ದುಡ್ಡು ಸುರಿಯಬೇಡಿ.

1. ಕೊಳ್ಳುವ ಮುನ್ನ ಅಳೆಯಿರಿ. ರೂಢಿಯ ಪಟ್ಟಿ ಸುಮಾರು 63 ಮಿ.ಮೀ. ಉದ್ದ, 12.5 ಅಗಲ, 3.2 ದಪ್ಪ. ಅಗ್ಗದ ಪಿಕಪ್‌ಗಳಲ್ಲಿ ಅಳತೆ ಬೇರೆ ಇರಬಹುದು. ಅಯಸ್ಕಾಂತ ಶಕ್ತಿ ತುಂಬದ ಪಟ್ಟಿಗಳನ್ನೂ ಮಾರುತ್ತಾರೆ, ತುಂಬಿದ್ದೇ ಎಂದು ಕೇಳಿ ತನ್ನಿ.

2. ಗಿಟಾರ್ ತಂತಿ ಸಡಿಲಿಸಿ ಪಿಕಪ್ ಹೊರತೆಗೆಯಿರಿ. ಲೋಹದ ಮುಚ್ಚಳವಿದ್ದರೆ ತಳದ ಎರಡು ಬೆಸುಗೆ ಬಿಡಿಸಬೇಕು. ಮಲ್ಟಿಮೀಟರ್‌ನಲ್ಲಿ ಸುರುಳಿಯ ರೋಧ (ಓಮ್) ನೋಡಿ ಬರೆದಿಡಿ. ಮ್ಯಾಗ್ನೆಟ್‌ನಿಂದ ಈ ಅಂಕಿ ಬದಲಾಗದು. ಕೊನೆಯಲ್ಲಿ ತೀರಾ ಬೇರೆ ಬಂದರೆ ಸುರುಳಿಗೆ ಪೆಟ್ಟಾಗಿದೆ ಎಂದರ್ಥ.

3. ಎಡವುವುದು ಇಲ್ಲಿ. ಪಟ್ಟಿಯ ಧ್ರುವಗಳಿರುವುದು ತುದಿಗಳಲ್ಲೂ ಅಲ್ಲ, ಚಪ್ಪಟೆ ಮುಖಗಳಲ್ಲೂ ಅಲ್ಲ. ಉದ್ದದ ಎರಡು ಅಂಚುಗಳಲ್ಲಿ. ಒಂದು ಅಂಚು ಪಿಕಪ್‌ನ ಮೇಲ್ಮುಖದಲ್ಲಿ ಕಾಣುವ ಸ್ಕ್ರೂ ಸಾಲಿನ ಕಡೆಗೆ, ಇನ್ನೊಂದು ಗಟ್ಟಿ ಉಕ್ಕಿನ ಮೊಳೆಗಳ ಸಾಲಿನ ಕಡೆಗೆ. ಬಿಚ್ಚುವ ಮೊದಲೇ ದಿಕ್ಸೂಚಿಯನ್ನು ಸ್ಕ್ರೂ ಸಾಲಿನ ಹೊರಮಗ್ಗುಲಿನಿಂದ ನಿಧಾನವಾಗಿ ತನ್ನಿ, ಮುಳ್ಳಿನ ಯಾವ ತುದಿ ತಿರುಗಿತು ಎಂದು ಗುರುತಿಸಿ. ಒಂದು ಗೇಣು ದೂರದಲ್ಲೇ ನಿಲ್ಲಿಸಿ. ತೀರಾ ಹತ್ತಿರ ತಂದರೆ ಮುಳ್ಳಿನ ಧ್ರುವವೇ ಅದಲು ಬದಲಾಗಬಹುದು.

ತಳದ ನಾಲ್ಕು ಸ್ಕ್ರೂಗಳನ್ನು ಸಮನಾಗಿ ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಸುರುಳಿಯ ತಂತಿ ಕೂದಲಿಗಿಂತ ತೆಳು. ಅದನ್ನು ಸುತ್ತಿದ ಪ್ಲಾಸ್ಟಿಕ್ ಉರುಳೆ (ಬಾಬಿನ್) ಹೆಚ್ಚು ಎತ್ತಿದರೆ ತುಂಡಾಗುತ್ತದೆ. ಮೇಣ ಅಂಟಿದ್ದರೆ ಹೇರ್ ಡ್ರೈಯರ್‌ನ ಬಿಸಿ ಸಾಕು. ಹಾಟ್ ಏರ್ ಗನ್ ಹಿಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮ್ಯಾಗ್ನೆಟ್ಟನ್ನು ಒಂದು ತುದಿಯಿಂದ ಬಿದಿರಿನ ಕಡ್ಡಿಯಲ್ಲಿ ತಳ್ಳಿ. ಇಕ್ಕಳ ಹಾಕಿ ಎಳೆದರೆ ಮುರಿದು ಕೈಗೆ ಬರುತ್ತದೆ. ಹೊರಬಂದೊಡನೆ ಸ್ಕ್ರೂ ಕಡೆಗಿದ್ದ ಅಂಚಿಗೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಹೊಸದರಲ್ಲಿ ಮುಳ್ಳಿನ ಅದೇ ತುದಿಯನ್ನು ಸೆಳೆಯುವ ಅಂಚು ಹುಡುಕಿ, ಅದಕ್ಕೂ ಗೆರೆ ಹಾಕಿ, ಅದೇ ಕಡೆಗೆ ಮುಖ ಮಾಡಿ ತೂರಿಸಿ.

ದಿಕ್ಸೂಚಿ ಇಲ್ಲವೆಂದು ಹಳೆಯದರ ಮೇಲೆ ಹೊಸದನ್ನಿಟ್ಟು, ಅಂಟಿಕೊಂಡ ಹಾಗೆಯೇ ಗೆರೆ ನಕಲು ಮಾಡುವವರಿದ್ದಾರೆ. ಅದು ಉಲ್ಟಾ ಆಗುತ್ತದೆ, ಏಕೆಂದರೆ ಒಂದರ ಮೇಲೊಂದು ಅಂಟುವಾಗ ಕೂಡುವುದು ವಿರುದ್ಧ ಧ್ರುವಗಳು. ಒಂದನ್ನೊಂದು ತಳ್ಳುವಂತೆ ಒತ್ತಿ ಹಿಡಿಯುವುದಂತೂ ಬೇಡವೇ ಬೇಡ, ಆಲ್ನಿಕೊ ಬಲ ಕಳೆದುಕೊಳ್ಳುತ್ತದೆ.

ಉಲ್ಟಾ ಕೂತಿತೆಂದು ಒಂದೇ ಪಿಕಪ್ ನುಡಿಸಿದರೆ ಗೊತ್ತಾಗದು. ಸ್ವಿಚ್ಚನ್ನು ನಡುವಿಗೆ ತಂದು ಎರಡೂ ಪಿಕಪ್ ಸೇರಿಸಿದಾಗ ಸದ್ದು ಬಡಕಲಾಗಿ, ಮೂಗಿನಿಂದ ಬಂದಂತೆ ಕೇಳುತ್ತದೆ. ಆಗ ಮ್ಯಾಗ್ನೆಟ್ಟನ್ನೇ ತಿರುಗಿಸಿ. ಹೊರಗಿನ ಎರಡು ವೈರ್ ಅದಲು ಬದಲು ಮಾಡುವ ಅಡ್ಡದಾರಿ ಹೆಣೆದ ಲೋಹದ ಕವಚವಿರುವ ಒಂಟಿ ಕೇಬಲ್‌ಗೆ ಒಗ್ಗದು; ಕವಚವೇ ಸಿಗ್ನಲ್ ಹೊತ್ತು ಗುಂಯ್‌ಗುಡುತ್ತದೆ.

4. ಸ್ಕ್ರೂ ಬಿಗಿ ಮಾಡಿ, ಓಮ್ ಮತ್ತೆ ನೋಡಿ, ಪಿಕಪ್ ಜೋಡಿಸಿ. ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದಾಗ ಬ್ರಿಡ್ಜ್ ಪಿಕಪ್‌ಗೂ ತಂತಿಗೂ ನಡುವೆ 1.6 ಮಿ.ಮೀ., ನೆಕ್‌ನಲ್ಲಿ 2.4 ಇಟ್ಟು ಶುರು ಮಾಡಿ. ಬಲದ ಮ್ಯಾಗ್ನೆಟ್ ತೀರಾ ಹತ್ತಿರವಿದ್ದರೆ ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತದೆ.

ಇದೆಲ್ಲ ಹಂಬಕರ್‌ಗೆ ಮಾತ್ರ. ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್ ಗಿಟಾರ್) ಮಾದರಿಯ ಹಳೆಯ, ಒಂದೇ ಸುರುಳಿಯ ಸಿಂಗಲ್ ಕಾಯಿಲ್‌ಗಳಲ್ಲಿ ಆಲ್ನಿಕೊ ಕಡ್ಡಿಗಳ ಮೇಲೇ ತಂತಿ ಸುತ್ತಿರುತ್ತದೆ. ಕಡ್ಡಿ ತಳ್ಳಿದರೆ ಸುರುಳಿ ಹರಿಯುತ್ತದೆ. ತಳದಲ್ಲಿ ಸೆರಾಮಿಕ್ ಪಟ್ಟಿ ಅಂಟಿಸಿದ, ಉಕ್ಕಿನ ಕಡ್ಡಿಗಳ ಅಗ್ಗದ ಪಿಕಪ್ ಆದರೆ ಆ ಪಟ್ಟಿಯನ್ನಷ್ಟೇ ಬದಲಿಸಬಹುದು.