ಕಬ್ಬಿನ ರವದಿಯಿಂದ ಕರದಂಟು ಸುತ್ತುವ ಹಾಳೆ: ನನ್ನ ಅನುಭವ

ನಮ್ಮ ಹಾಳೆಯಲ್ಲಿ ಸುತ್ತಿದ ಕರದಂಟು ಅಂಗಡಿಗೆ ಹೋಗಲು ಶುರುವಾಗಿ ನಾಲ್ಕು ತಿಂಗಳಾಯ್ತು. ಒಂದೂ ವಾಪಸ್ ಬಂದಿಲ್ಲ. ಇದು ಆಗೋ ಮಾತಲ್ಲ ಅಂದವರೇ ಈಗ ಹೇಗೆ ಮಾಡಿದಿರಿ ಅಂತ ಫೋನ್ ಮಾಡುತ್ತಿದ್ದಾರೆ.

ಹಾಳೆ ಮಾಡಲು ಎಲ್ಲರೂ ಬಗಾಸ್, ಅಂದರೆ ರಸ ತೆಗೆದ ಕಬ್ಬಿನ ಸಿಪ್ಪೆ, ತಗೋ ಅಂದಿದ್ದರು. ನಮ್ಮ ಮುಧೋಳದ ಕಡೆ ಬಗಾಸ್ ಕಸ ಅಲ್ಲ. ಕಾರ್ಖಾನೆಯ ಬಾಯ್ಲರಿಗೂ ಅದೇ, ಬೆಲ್ಲದ ಒಲೆಗೂ ಅದೇ ಉರುವಲು, ರೊಕ್ಕ ಕೊಟ್ಟೇ ತರಬೇಕು. ರವದಿ, ಅಂದರೆ ಕಬ್ಬಿನ ಒಣ ಗರಿ, ಹಾಗಲ್ಲ, ಕಬ್ಬು ಕಡಿದ ಮೇಲೆ ಸುಮ್ನೆ ಬೆಂಕಿ ಇಡುತ್ತಾರೆ.

ರವದಿಯನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಬೇಯಿಸಿದರೆ ನಾರು ಬಿಡುತ್ತೆ, ಅದನ್ನು ಪೆರಾಕ್ಸೈಡ್‌ನಲ್ಲಿ ಬಿಳಿ ಮಾಡಿದರೆ ಹಾಳೆಗೆ ಬೇಕಾದ ತಿರುಳು ಸಿಗುತ್ತೆ. 10 ಕೆಜಿ ರವದಿಗೆ ಒಣ ತಿರುಳು ಮೂರು, ಮೂರೂವರೆ ಕೆಜಿ ಬರುತ್ತೆ. ಮೊದಲ ಸಲ ಮದುವೆ ಮನೆಯ ಅಲ್ಯೂಮಿನಿಯಂ ಪಾತ್ರೆ ತಂದು ಕಾಸ್ಟಿಕ್ ಹಾಕಿದೆ. ಬುಸುಬುಸು ನೊರೆ ಬಂತು, ತಳವೆಲ್ಲ ಹುಳುಕು ಹಲ್ಲಿನ ಹಾಗಾಯ್ತು. ಪಾತ್ರೆಗೆ ನಾಲ್ಕು ಸಾವಿರ ದಂಡ ಕೊಟ್ಟೆ. ಬೇಯಿಸಿದ ಕರಿ ನೀರನ್ನು ಬದುವಿಗೆ ಚೆಲ್ಲಿದ್ದು ಅದಕ್ಕಿಂತ ದೊಡ್ಡ ತಪ್ಪು. ಅಲ್ಲಿ ಇವತ್ತಿಗೂ ಹುಲ್ಲು ಹುಟ್ಟಿಲ್ಲ. ಮೊದಲೇ ಕಾಲುವೆ ನೀರಿಗೆ ಸವಳಾಗುತ್ತಿರುವ ಭೂಮಿ, ಅದಕ್ಕೆ ನಾನೇ ಇನ್ನಷ್ಟು ಸೋಡಾ ಉಣಿಸಿದೆ ಅಂತ ಬಹಳ ಸಂಕಟವಾಯ್ತು. ಈಗ ಅದೇ ನೀರಿಗೆ ಸ್ವಲ್ಪ ಕಾಸ್ಟಿಕ್ ಸೇರಿಸಿ ಎರಡು ಮೂರು ಸಲ ಬೇಯಿಸುತ್ತೇನೆ, ಉಳಿದದ್ದನ್ನು ಶೀಟ್ ಹಾಸಿದ ಗುಂಡಿಯಲ್ಲಿ ಬಿಸಿಲಿಗೆ ಬಿಡುತ್ತೇನೆ. ಕಾಸ್ಟಿಕ್ ಖರ್ಚೂ ಹತ್ತಿರ ಹತ್ತಿರ ಅರ್ಧ ಆಯ್ತು.

ತಿರುಳು, ಗೋವಿನಜೋಳದ ಸ್ಟಾರ್ಚ್, ಗ್ಲಿಸರಿನ್, ಇಷ್ಟೇ ಸಾಮಾನು. ಒಂದೂವರೆ ವರ್ಷ ಇದರಲ್ಲಿ ಬೆಲ್ಲ ಸುತ್ತಲು ಒದ್ದಾಡಿದೆ. ಏಪ್ರಿಲ್‌ನಲ್ಲಿ ಹಾಳೆ ಹಪ್ಪಳದ ಹಾಗೆ ಮುರಿಯೋದು. ಮೆತ್ತಗಾಗಲಿ ಅಂತ ಗ್ಲಿಸರಿನ್ ಜಾಸ್ತಿ ಮಾಡಿದೆ, ಜುಲೈನಲ್ಲಿ ಬೆಲ್ಲ ಬೆವರಿತು, ಹಾಳೆ ಅದಕ್ಕೇ ಅಂಟಿ ಲೋಳೆಯಾಯ್ತು. ಡ್ರೈಯರ್ ಮಾಡಿಕೊಡುತ್ತೇನೆ ಅಂತ ಒಬ್ಬರು 18 ಸಾವಿರ ಮುಂಗಡ ತಗೊಂಡರು, ಡ್ರೈಯರ್ ಬರಲೇ ಇಲ್ಲ. ಎಲ್ಲ ಸೇರಿ ಎಪ್ಪತ್ತು ಸಾವಿರದ ಮೇಲೆ ಹೋಗಿತ್ತು. ಮನೆಯಲ್ಲಿ ಮಾತು ಕಡಿಮೆಯಾಗಿತ್ತು.

ಒಂದು ಸಂಜೆ ಹಾಳಾದ ಹಾಳೆಯೊಂದರ ಮೇಲೆ ಅಮೀನಗಡದ ಕರದಂಟು ಇಟ್ಟು ಮರೆತೆ. ಬೆಳಿಗ್ಗೆ ನೋಡಿದರೆ ಹಾಳೆಯ ಮೇಲ್ಭಾಗ ತುಪ್ಪದಿಂದ ಹೊಳೆಯುತ್ತಿತ್ತು, ಕೆಳಗೆ ಇದ್ದ ನ್ಯೂಸ್‌ಪೇಪರಿನಲ್ಲಿ ಒಂದು ಚುಕ್ಕೆ ಜಿಡ್ಡೂ ಇರಲಿಲ್ಲ. ನೀರಿಗೆ ಸೋಲುವ ಈ ಹಾಳೆ ಜಿಡ್ಡನ್ನು ಚೆನ್ನಾಗಿ ತಡೆಯುತ್ತೆ ಅಲ್ವಾ! ಅವತ್ತಿಗೆ ಬೆಲ್ಲ ಸುತ್ತೋದು ಬಿಟ್ಟೆ, ಕರದಂಟು ಹಿಡಿದೆ.

ಆಮೇಲೆ ಉಳಿದ ತೊಂದರೆ ಗುಳ್ಳೆ. ಮಿಕ್ಸರ್ ಗಾಳಿ ತುಂಬುತ್ತೆ, ಒಣಗಿದ ಮೇಲೆ ಸೂಜಿ ಚುಚ್ಚಿದಂಥ ತೂತು. ತಿರುಳು, ಸ್ಟಾರ್ಚ್, ಗ್ಲಿಸರಿನ್ ಸೇರಿದ ಬಿಸಿ ಅಂಟನ್ನು ಮುಚ್ಚಿಟ್ಟು, ತಣಿಯುವ ಮೊದಲೇ ಸೋಸಿ ಗಾಜಿನ ಮೇಲೆ ಸುರಿಯಬೇಕು. ಎಷ್ಟು ಹೊತ್ತು, ಗಾಜಿಗೆ ಮೊದಲು ಏನು ಸವರುತ್ತೇನೆ, ಅದನ್ನು ಮಾತ್ರ ಹೇಳಲ್ಲ. ಅದಕ್ಕೇ ಆರು ತಿಂಗಳು ಹೋಗಿದೆ.

ನಡುವೆ ಇಂಡಿ ಊರಿನ ನಿಂಬೆಯ ಸಿಪ್ಪೆಯಿಂದ ಪೆಕ್ಟಿನ್ ಅನ್ನೋ ಅಂಟು ತೆಗೆದು ಹಾಳೆ ಮಾಡಿದ್ದೆ. ಗಾಜಿನಷ್ಟು ತಿಳಿ, ಒಳ್ಳೆಯ ವಾಸನೆ, ಆದರೆ ಕರದಂಟಿಗೆ ಕಹಿ ಹತ್ತಿತು. ಅದನ್ನು ಬಿಟ್ಟೆ. ಹೀಗೆ ಮಾಡಿ ನೋಡಿದ್ದರಲ್ಲಿ ಈರುಳ್ಳಿ ಸಿಪ್ಪೆಯ ಬಣ್ಣ ಮಾತ್ರ ಉಳಿಸಿಕೊಂಡಿದ್ದೇನೆ, ಹಾಳೆಗೆ ಚಂದದ ಜೇನು ಬಣ್ಣ ಬರುತ್ತೆ.

ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಯೇ ಅಂಗಡಿಗೆ ಕೊಟ್ಟೆ. ಕಾಂಪೋಸ್ಟಬಲ್, ಅಂದರೆ ಕೊಳೆತು ಗೊಬ್ಬರವಾಗುತ್ತೆ, ಅಂತ ಅಚ್ಚು ಹಾಕಿಲ್ಲ, ಅದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ (ಸಿಪಿಸಿಬಿ) ಸರ್ಟಿಫಿಕೇಟ್ ಬೇಕು. ಒಂದು ಹಾಳೆಗೆ ನನಗೆ ರೂಪಾಯಿ ಹತ್ತಿರ ಬೀಳುತ್ತೆ, ಒಂದೂವರೆಗೆ ಕೊಡುತ್ತೇನೆ. ಪ್ಲಾಸ್ಟಿಕ್‌ಗಿಂತ ದುಬಾರಿಯೇ, ಆದರೂ ದೀಪಾವಳಿಗೆ ಎಂಟು ಸಾವಿರ ಹಾಳೆ ಕೇಳಿದ್ದಾರೆ. ಹಾಳೆ ಸುರಿಯಲು ನನ್ನ ಹತ್ತಿರ ಇರೋದು ನಲವತ್ತು ಗಾಜು. ಇವತ್ತು ಇನ್ನೂ ಅರವತ್ತು ತರಲು ಹೊರಟಿದ್ದೇನೆ.