ಜರ್ಮನ್ ‘ಗೆ’ ಎಲ್ಲಿ ಬೇಕು, ಎಲ್ಲಿ ಬೇಡ: ನನ್ನ ಅನುಭವ

ಜರ್ಮನ್‌ನಲ್ಲಿ ಆಗಿಹೋದದ್ದನ್ನು ಹೇಳುವ ಪರ್ಫೆಕ್ಟ್ ರೂಪದಲ್ಲಿ ಬಹಳಷ್ಟು ಕ್ರಿಯಾಪದಗಳ ಮುಂದೆ ‘ಗೆ’ ಸೇರುತ್ತದೆ, ಕೆಲವಕ್ಕೆ ಸೇರುವುದಿಲ್ಲ. ಇದಕ್ಕೆ ಪಟ್ಟಿ ಬಾಯಿಪಾಠ ಬೇಡ, ಕಿವಿ ಪಳಗಿಸಿದರೆ ಸಾಕು ಅಂತ ನಾನು ಅಂದಾಗ ನಮ್ಮ ಬ್ಯಾಚಿನಲ್ಲಿ ಒಬ್ಬರೂ ನಂಬಲಿಲ್ಲ. ಆದರೆ ಬಿ1 (ಮಧ್ಯಮ ಮಟ್ಟದ) ಮಾತಿನ ಪರೀಕ್ಷೆಯಲ್ಲಿ ನನಗೆ ಒಳ್ಳೆ ಅಂಕವೇ ಬಂತು. ಈಗ ಜರ್ಮನಿಗೆ ಹೊರಟ ನರ್ಸ್‌ಗಳಿಗೂ ಅದನ್ನೇ ಹೇಳಿಕೊಡುತ್ತಿದ್ದೇನೆ.

ಗೆಮಾಖ್ಟ್ (ಮಾಡಿದ್ದು), ಗೆಲೆರ್ನ್ಟ್ (ಕಲಿತದ್ದು), ಗೆಆರ್ಬೈಟೆಟ್ (ಕೆಲಸ ಮಾಡಿದ್ದು) ಯಾರಿಗೂ ಕಷ್ಟ ಅಲ್ಲ. ಕಷ್ಟ ಇರುವುದು ‘ಗೆ’ ಬರಬಾರದ ಕಡೆ. ಕೋಚಿಂಗ್‌ಗೆ 30,000 ರೂಪಾಯಿ ಹತ್ತಿರ ಹೋಗಿತ್ತು, ಅದರ ಮೇಲೆ ಒಂದು ಆ್ಯಪ್‌ಗೆ ಎರಡು ಸಾವಿರವೋ ಏನೋ ಕಟ್ಟಿದ್ದೆ, ಜೊತೆಗೆ ಒಂದು ಡಬ್ಬಿ ತುಂಬ ಕಾರ್ಡು. ಕಾರ್ಡು ಹಿಡಿದರೆ ಎಲ್ಲ ಸರಿ, ಮಾತಿಗಿಳಿದರೆ ‘ಗೆಷ್ಟುಡೀರ್ಟ್’, ‘ಗೆಬೆಜೂಖ್ಟ್’ ಅಂತ ಬೇಡದ ‘ಗೆ’ ಬಂದುಬಿಡುತ್ತಿತ್ತು. ಮಾತಿನ ಮಧ್ಯೆ ಪಟ್ಟಿ ನೆನೆಸಿಕೊಳ್ಳಲು ಪುರುಸೊತ್ತು ಎಲ್ಲಿರುತ್ತದೆ, ಅಲ್ವಾ?

ಆಮೇಲೆ ಹಿಡಿದದ್ದು ಒಂದೇ ದಾರಿ. ಕ್ರಿಯಾಪದದ ಮೊದಲ ಅಕ್ಷರದ ಮೇಲೆ ಒತ್ತು (ಅಂದರೆ ಹೇಳುವಾಗ ದನಿ ಜೋರಾಗುವುದು) ಬಿದ್ದರೆ ‘ಗೆ’, ಬೀಳದಿದ್ದರೆ ಇಲ್ಲ. ಷ್ಟುಡೀರನ್ (ಕಾಲೇಜಿನಲ್ಲಿ ಓದುವುದು) ಪದದಲ್ಲಿ ಒತ್ತು ‘ಡೀ’ ಮೇಲೆ, ಬೆಜೂಖನ್ (ಭೇಟಿ ಕೊಡುವುದು) ಪದದಲ್ಲಿ ‘ಜೂ’ ಮೇಲೆ. ಅದಕ್ಕೇ ಬರೀ ಷ್ಟುಡೀರ್ಟ್, ಬೆಜೂಖ್ಟ್. ಕನ್ನಡದಲ್ಲಿ ಒತ್ತು ಜಾಗ ಬದಲಿಸಿದರೂ ಅರ್ಥ ಬದಲಾಗುವುದಿಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಗಮನಿಸುವುದೇ ಇಲ್ಲ. ಡೂಡನ್ ನಿಘಂಟಿನಲ್ಲಿ ಒತ್ತು ಬೀಳುವ ಸ್ವರದ ಕೆಳಗೆ ಗುರುತು ಇರುತ್ತದೆ, ದೀರ್ಘಕ್ಕೆ ಗೆರೆ, ಹ್ರಸ್ವಕ್ಕೆ ಚುಕ್ಕೆ. ಅದನ್ನು ನೋಡಿಕೊಂಡು ಗಟ್ಟಿಯಾಗಿ ಹೇಳುತ್ತಾ, ಒತ್ತು ಬಂದ ಕಡೆ ಮೇಜು ಕುಟ್ಟುತ್ತಿದ್ದೆ. ದಿನಾ ಕಾಲು ಗಂಟೆಯಂತೆ ಒಂದೆರಡು ತಿಂಗಳು. ಖರ್ಚು ಏನೂ ಇಲ್ಲ.

ಕೆಲವು ಕ್ರಿಯಾಪದಗಳ ಮುಂದಿನ ತುಂಡು ವಾಕ್ಯದಲ್ಲಿ ಬೇರ್ಪಡುತ್ತದೆ. ಅಂಥ ತುಂಡು ಇದ್ದರೆ ಮೊದಲು ಅದನ್ನು ತೆಗೆದು ಪಕ್ಕಕ್ಕಿಡಿ. ಐನ್‌ಕೌಫನ್ (ಸಾಮಾನು ಕೊಳ್ಳುವುದು) ಪದದಲ್ಲಿ ‘ಐನ್’ ತೆಗೆದರೆ ಕೌಫನ್, ಒತ್ತು ಮೊದಲಿಗೇ ಇದೆ, ಐನ್‌ಗೆಕೌಫ್ಟ್. ಫೋರ್‌ಬೆರೈಟನ್ (ತಯಾರಿ ಮಾಡುವುದು) ಪದದಲ್ಲಿ ‘ಫೋರ್’ ತೆಗೆದರೆ ಬೆರೈಟನ್, ಒತ್ತು ‘ರೈ’ ಮೇಲೆ, ಹಾಗಾಗಿ ಫೋರ್‌ಬೆರೈಟೆಟ್. ತುಂಬಾ ಜನ ಜಾರುವುದು ಇಲ್ಲೇ. ಫ್ರ್ಯೂಷ್ಟ್ಯುಕನ್ (ಬೆಳಗಿನ ತಿಂಡಿ ತಿನ್ನುವುದು) ನೋಡಿದರೆ ಬೇರ್ಪಡುತ್ತದೆ ಅನ್ನಿಸುತ್ತದೆ, ಆದರೆ ನಾವು ‘ಇಶ್ ಫ್ರ್ಯೂಷ್ಟ್ಯುಕೆ’ ಅಂತ ಇಡಿಯಾಗೇ ಹೇಳುತ್ತೇವೆ, ಆದ್ದರಿಂದ ಗೆಫ್ರ್ಯೂಷ್ಟ್ಯುಕ್ಟ್.

‘ಈರನ್ ಅಂತ ಮುಗಿಯುವ ಪದಗಳು ಮತ್ತು ಬೆ, ಎರ್, ಫೆರ್ ಅಂತ ಶುರುವಾಗುವ ಪದಗಳು, ಇಷ್ಟು ಪಟ್ಟಿ ಸಾಕು’ ಅಂತ ವಾದಿಸಿದವರ ಮುಂದೆ ಸುಮ್ನೆ ಟ್ರೊಂಪೇಟನ್ ಇಟ್ಟೆ, ತುತ್ತೂರಿ ಊದುವುದು. ಯಾವ ಪಟ್ಟಿಗೂ ಸೇರದು, ಒತ್ತು ಮಾತ್ರ ‘ಪೇ’ ಮೇಲೆ. ಟ್ರೊಂಪೇಟೆಟ್! ಆಮೇಲೆ ವೀಡರ್‌ಹೋಲನ್ ಹಿಡಿದು ಒಂದು ಸಂಜೆ ಕಳೆದೆ. ‘ಹೋ’ ಒತ್ತಿದರೆ ಮತ್ತೆ ಹೇಳುವುದು, ವೀಡರ್‌ಹೋಲ್ಟ್. ‘ವೀ’ ಒತ್ತಿದರೆ ವಾಪಸ್ ತರುವುದು, ಆಗ ‘ವೀಡರ್’ ಬೇರ್ಪಡುವ ತುಂಡು, ವೀಡರ್‌ಗೆಹೋಲ್ಟ್.

ಇನ್ನು ಪರ್ಫೆಕ್ಟ್‌ನಲ್ಲಿ ರೈಸನ್ (ಪ್ರಯಾಣಿಸುವುದು), ವಾಂಡರ್ನ್ (ಚಾರಣ ಹೋಗುವುದು), ಫೋಲ್ಗನ್ (ಹಿಂಬಾಲಿಸುವುದು) ಜೊತೆ ಸಹಾಯಕ ಕ್ರಿಯಾಪದವಾಗಿ ‘ಹಾಬನ್’ ಬಿಟ್ಟು ‘ಜೈನ್’ ಹಾಕುವುದಕ್ಕೂ ಒಂದು ಉಪಾಯ ಮಾಡಿಕೊಂಡಿದ್ದೇನೆ. ಸದ್ಯಕ್ಕೆ ಅದು ನನ್ನ ಬ್ಯಾಚಿನವರಿಗೆ ಮಾತ್ರ.